ಹೊಸ ಕೋಣೆಯ ಬೀಗ

ಹೊಸ ಕೋಣೆ, ಎರಡನೇ ಮಹಡಿ
ಮಾರ್ಚ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೆ? ಫೋನಿನಲ್ಲಿ ಕೇಳಿದರೆ “ಹೋಯ್ತಮ್ಮ” ಅನ್ನುತ್ತೀಯ, ಆ ಮಾತಿನ ನಡುವೆಯೇ ಕೆಮ್ಮುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದಕ್ಕೆ ನೀನು ಅಡ್ಡಮಾತಾಡುವಂತಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ. ಚೆನ್ನಾಗಿಲ್ಲ. ನಿನ್ನಪ್ಪ ಹೋದಮೇಲೆ ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣ ಹುಡುಕಬೇಕು, ಅದು ಸಿಗುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಅವರ ತಿಥಿ ಮುಗಿಸಿಕೊಂಡು ಹೋದವಳು ನೀನೂ ಈ ಕಡೆ ತಲೆಹಾಕಲಿಲ್ಲ. ಕರೆದರೆ, “ಅಪ್ಪ ಬಾಗಿಲು ತೆಗೀದಿರೋ ಮನೆಗೆ ಹೇಗ್ ಬರ್ಲಮ್ಮ” ಅಂದೆ.

ಹಳೆಯ ಮನೆ ಬಿಟ್ಟೆ. ಅಲ್ಲಿ ಮೂಲೆಮೂಲೆಯಲ್ಲೂ ಅವರಿದ್ದರು, ಕರೆದರೆ ಮಾತ್ರ ಓಗೊಡುತ್ತಿರಲಿಲ್ಲ. ಅವರ ಗುರುತೇ ಇಲ್ಲದ ಕಡೆ ಇರೋಣವೆಂದು ಊರಿನ ಆಚೆ ತುದಿಯಲ್ಲಿ ಈ ಕೋಣೆ ಹಿಡಿದೆ. ಮೊನ್ನೆ ಬಂದಾಗ ಮಾಲೀಕರು ಬೀಗದ ಕೈಯನ್ನು ಕೆಳಗಿನ ಕ್ಷೌರದಂಗಡಿಯಲ್ಲಿ ಕೊಟ್ಟು ಹೋಗಿದ್ದರು. ಹಾಕಿ ತಿರುಗಿಸಿದರೆ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಅಂಗಡಿಯವನೂ ಬಂದು ಬೆರಳು ಕೆಂಪಾಗುವ ತನಕ ಹೆಣಗಾಡಿ, “ಬೀಗ ಕೆಟ್ಟೋಗಿದೆ ಅಮ್ಮ, ಒಡೆಯೋದೇ ಗತಿ” ಎಂದು ಸುತ್ತಿಗೆ ತರಲು ಇಳಿದ. ನಾನು ಹಾಸಿಗೆಯ ಗಂಟಿನ ಮೇಲೆ ಕುಳಿತು ಅತ್ತೆ. ಕೊನೆಗೆ ಒಂದು ಬಾಗಿಲಿಗೂ ಬೇಡವಾದೆನಲ್ಲ ಅನ್ನಿಸಿತು. ಅತ್ತು ಮುಗಿದ ಮೇಲೆ ಮಾಡಲು ಬೇರೇನೂ ಇಲ್ಲದೆ ಎದ್ದು ಇನ್ನೊಮ್ಮೆ ಹಾಕಿದೆ. ಈ ಸಲ ಬೆರಳುಗಳು ತಮ್ಮಷ್ಟಕ್ಕೇ ಸ್ವಲ್ಪ ಮೇಲಕ್ಕೆತ್ತಿ ತಿರುಗಿಸಿದವು, ನಮ್ಮ ಮನೆಯ ಬಾಗಿಲಿಗೆ ಇಷ್ಟು ವರ್ಷ ಮಾಡಿದ ಹಾಗೆ. ಬೀಗ ತೆರೆದುಕೊಂಡಿತು.

ನಿನಗೆ ಗೊತ್ತಲ್ಲ, ಜೀವಮಾನವಿಡೀ ಬೀಗದ ಕೈ ಮಾಡಿದರೂ ನಿನ್ನಪ್ಪನಿಗೆ ಅದರ ಕೊನೆಯ ಹಲ್ಲನ್ನು ಅರದಿಂದ ಪೂರ್ತಿ ಉಜ್ಜುವ ತಾಳ್ಮೆ ಬರಲೇ ಇಲ್ಲ. ಗಿರಾಕಿಗಳು ಜಗಳಕ್ಕೆ ಬಂದರೆ, “ಸ್ವಲ್ಪ ಎತ್ತಿ ತಿರುಗ್ಸಿ ತಾಯಿ, ಬೀಗಕ್ಕೂ ಮರ್ಯಾದೆ ಬೇಕಲ್ವಾ” ಎಂದು ಸಾಗಹಾಕುತ್ತಿದ್ದರು. ಈ ಬೀಗದ ಕೈಯನ್ನು ಬೆಳಕಿಗೆ ಹಿಡಿದು ನೋಡಿದೆ. ಕೊನೆಯ ಹಲ್ಲು ಹಾಗೇ ಎದ್ದು ನಿಂತಿದೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೀಯ. ಇರಬಹುದು, ಅರ್ಧ ಊರು ಅವರ ಗಿರಾಕಿಯೇ ತಾನೆ. ಆದರೂ ಯಾವತ್ತೋ ಯಾರಿಗೋ ಮಾಡಿಕೊಟ್ಟದ್ದು, ಅದೂ ನೆಟ್ಟಗೆ ಮಾಡದೆ ಬಿಟ್ಟದ್ದು, ಇನ್ನು ಸಾಕು ಅನ್ನಿಸಿದ ದಿನವೇ ನನ್ನ ಕೈಸೇರಿತು. ನನಗೆ ಅಷ್ಟು ಸಾಕು. ಆವತ್ತು ಹೊಟ್ಟೆತುಂಬ ಉಂಡೆ. ಒಂಟಿತನವೇನೂ ಹೋಗಿಲ್ಲ, ಈಗಲೂ ಎರಡು ತಟ್ಟೆ ತೆಗೆದು, ಒಂದನ್ನು ವಾಪಸ್ ಇಡುತ್ತೇನೆ. ಸುತ್ತಿಗೆ ಹಿಡಿದು ಬಂದ ಅಂಗಡಿಯವನು ತೆರೆದ ಬಾಗಿಲು ನೋಡಿ, ಇವಳು ಯಾರೋ ಪಳಗಿದ ಕಳ್ಳಿ ಅಂದುಕೊಂಡಿರಬೇಕು.

ಹೊತ್ತುಹೊತ್ತಿಗೆ ಉಣ್ಣು. ನೂರ್ಕಾಲ ತಣ್ಣಗಿರು ಮಗಳೇ.

ನಿನ್ನ ಅಮ್ಮ

ಮರೆತಿದ್ದೆ: ಮಾಲೀಕರು ಕೊಟ್ಟದ್ದು ಎರಡು ಬೀಗದ ಕೈ. ಇನ್ನೊಂದನ್ನು ಇದರೊಳಗೆ ಇಟ್ಟಿದ್ದೇನೆ. ಅದೂ ನಿನ್ನಪ್ಪ ಮಾಡಿದ್ದೇ, ಹಲ್ಲು ನೋಡಿದರೆ ತಿಳಿಯುತ್ತದೆ. ಈ ಮನೆಯ ಬಾಗಿಲನ್ನು ನಿನ್ನಪ್ಪನೇ ತೆಗೆಯುತ್ತಾರೆ, ಬಾ. ಬಲ ಹಾಕಬೇಡ, ಸ್ವಲ್ಪ ಎತ್ತಿ ತಿರುಗಿಸು.