ಹ್ಯಾಂಡಲ್ ಮೇಲಿನ ಬಿಳಿ ಗೆರೆ

ಸೆ. 28, ರವಿವಾರ. ಬೆಳಿಗ್ಗೆ 11
ಚೈನಿಗೆ ಎಣ್ಣೆ. ಬ್ರೇಕ್ ಪ್ಯಾಡ್ ಹೊಸವು. ಹಿಂದಿನ ಗಾಲಿ ಸ್ವಲ್ಪ ವಾಲಿತ್ತು, ಎಳೆದು ಸರಿ ಮಾಡಿದೆ. ಕಾವ್ಯಾ ಟಿಕೋಟಾದಿಂದ ಮೊದಲ ಬಸ್ಸಿಗೇ ಬಂದಿದ್ದಳು. ತಂಗಿ ಶೈಲಾಳ ಮಗಳು, ಹದಿನೇಳು. ಮಾತು ಕಡಿಮೆ, ಪೆಡಲ್ ಜಾಸ್ತಿ. ವಾರವೆಲ್ಲ ಡಿಪೋದಲ್ಲಿ ಬಸ್ಸು ಬಿಚ್ಚುತ್ತೇನೆ, ರವಿವಾರ ಇವಳ ಸೈಕಲ್ಲು. ಬೇಸರವಿಲ್ಲ.

ಕೇಬಲ್ ತರಲು ಉಮರನ ಸೈಕಲ್ ಅಂಗಡಿಗೆ ಹೋದರೆ, ಅವನ ಕಣ್ಣು ಸೀದಾ ಹ್ಯಾಂಡಲ್ ಮೇಲೆ.
"ಇದು ನಿಮ್ಮ ಕಾಲದ್ದಲ್ಲೇನ್ರಿ ಸಂಗಣ್ಣ?"
ಹೌದು. 2012ರಲ್ಲಿ ಇದನ್ನೇ ಹಿಡಿದು ಸೈಕಲ್ ರೇಸಿನಲ್ಲಿ ರಾಜ್ಯಕ್ಕೆ ಮೂರನೆಯವನಾಗಿದ್ದೆ. ಕಾವ್ಯಾಳ ಹೊಸ ಸೈಕಲ್ಲಿನ ಹ್ಯಾಂಡಲ್ ತೆಗೆದು ಇದನ್ನು ಹಾಕಿದವನು ನಾನೇ.
"ಆಗಸ್ಟದಾಗ ಹುಡುಗಿ ಜೋರ ಬಿದ್ದಾಳ, ಹೌದಿಲ್ಲೋ? ಅಲ್ಯೂಮಿನಿಯಂ ಕಬ್ಬಿಣದಂಗ ಬಗ್ಗೂದಿಲ್ರಿ. ಹೇಳದ ಕೇಳದ ಮುರೀತದ. ಬದಲಿ ಮಾಡ್ರಿ."
ಹಳೆಯದರ ಗಟ್ಟಿತನ ಈಗಿನದಕ್ಕೆ ಎಲ್ಲಿಂದ ಬರಬೇಕು ಅಂದೆ. ಉಮರ ನಕ್ಕು ಕೇಬಲ್ ಸುತ್ತಿ ಕೊಟ್ಟ. ಅಂಗಡಿಕಾರ, ಹೊಸದು ತಗೊಳ್ಳಿ ಅನ್ನದೆ ಇನ್ನೇನಂತಾನೆ.

ಅ. 1, ಬುಧವಾರ
ಖಂಡೆ ಪೂಜೆ. ಈಳಿಗೆ, ಕುಡಗೋಲು, ನನ್ನ ಸ್ಪಾನರ್ ಸೆಟ್, ಮಿಕ್ಸರ್... ಎಲ್ಲ ಸಾಲಾಗಿ ಕೂತಿದ್ದವು. ಕೊನೆಗೆ ಸೈಕಲ್. ಅವ್ವ ವಿಭೂತಿ ಕಲಸಿ ಹ್ಯಾಂಡಲ್ಲಿನ ನಡುವೆ ಮೂರು ಬೆರಳು ಎಳೆದಳು. ಹ್ಯಾಂಡಲನ್ನು ಸ್ಟೆಮ್ ಕಚ್ಚಿ ಹಿಡಿಯುವ ಜಾಗದ ಪಕ್ಕಕ್ಕೇ. ಕರಿ ಬಣ್ಣದ ಮೇಲೆ ಎದ್ದು ಕಾಣುತ್ತಿತ್ತು.
"ತಾನ ಹೋಗೂತನಾ ಯಾರೂ ಒರಸಬ್ಯಾಡ್ರಿ," ಅಂದಳು. ಪ್ರತಿ ವರ್ಷದ ಮಾತು. ಡಿಪೋದಲ್ಲೂ ಹಾಗೇ, ಸ್ಟೇರಿಂಗ್ ಮೇಲಿನ ಗೆರೆಯನ್ನು ಯಾವ ಡ್ರೈವರನೂ ಒರೆಸುವುದಿಲ್ಲ.

ಅ. 12, ರವಿವಾರ
ಬಬಲೇಶ್ವರದ ಕಡೆಯ ಕಲ್ಲುದಿನ್ನೆಯಲ್ಲಿ ಪ್ರ್ಯಾಕ್ಟೀಸ್. ಏರಿನಲ್ಲಿ ಎದ್ದು ತುಳಿದರೆ ಮುಂದೆ ಎಲ್ಲೋ ಕಿರ್ರ್ ಅನ್ನುತ್ತದೆ ಅಂದಳು ಕಾವ್ಯಾ. ನಾನೂ ಕೇಳಿದೆ. ಸ್ಟೆಮ್ಮಿನ ಬೋಲ್ಟ್ ಇನ್ನೊಂದು ಸುತ್ತು ಬಿಗಿದೆ. ಬಸ್ಸು ಬಿಗಿದ ಕೈ. ಸದ್ದು ನಿಂತಿತು.
ಬಿಚ್ಚಿ ನೋಡಬಹುದಿತ್ತು. ವಿಭೂತಿ ಇನ್ನೂ ಹಾಗೇ ಇತ್ತು, ಅಲ್ಲಿ ಕೈ ಹಚ್ಚಲು ಮನಸ್ಸು ಬರಲಿಲ್ಲ.

ಅ. 26, ರವಿವಾರ. ಸಂಜೆ 4
ಮುಂದಿನ ರವಿವಾರ ಆಯ್ಕೆ ರೇಸ್. ಮೊದಲ ನಾಲ್ವರಿಗೆ ತರಬೇತಿ ಕೇಂದ್ರದಲ್ಲಿ ಜಾಗ. ಊಟ, ವಸತಿ, ಓದು ಎಲ್ಲ ಅಲ್ಲೇ. ಎರಡು ವರ್ಷದಿಂದ ಹುಡುಗಿಗೆ ಅದೇ ಧ್ಯಾನ.
ಸೈಕಲ್ ತೊಳೆದೆ. ವಿಭೂತಿ ಬೆವರಿಗೆ ಬಹುಪಾಲು ಹೋಗಿದೆ. ಸ್ಟೆಮ್ ಪಕ್ಕದಲ್ಲಿ ಒಂದು ಕೂದಲೆಳೆಯಷ್ಟು ಬಿಳಿ ಮಾತ್ರ ಉಳಿದಿತ್ತು. ಒದ್ದೆ ಬಟ್ಟೆ ಆಡಿಸಿದೆ, ಹೋಗಲಿಲ್ಲ. ಉಗುರಿನಿಂದ ಕೆರೆದೆ, ಆಗಲೂ ಹೋಗಲಿಲ್ಲ. ಅವ್ವನ ಕೈಗುಣ ಅಂದುಕೊಂಡು ಬೆರಳು ಹಣೆಗೆ ಮುಟ್ಟಿಸಿಕೊಂಡೆ. ಅಷ್ಟೇ ಉಳಿಯಲಿ ಅಂತ ಬಿಟ್ಟೆ.

ನ. 2
ಹ್ಯಾಂಡಲ್ ಮುರಿಯಿತು. ಕಾವ್ಯಾ ಆಸ್ಪತ್ರೆಯಲ್ಲಿ. ಬರೆಯಲಾರೆ.

ನ. 5, ಬುಧವಾರ
ಎಡ ಮೊಣಕೈ ಎರಡು ಕಡೆ ಮುರಿದಿದೆ. ಪ್ಲೇಟು, ಆರು ಸ್ಕ್ರೂ. ಪೂರ್ತಿ ನೆಟ್ಟಗಾಗುವುದು ಕಷ್ಟ, ಆದರೆ ಆರು ತಿಂಗಳಿಗೆ ಸೈಕಲ್ ಹತ್ತಬಹುದು ಅಂದರು ಡಾಕ್ಟರ್.
ಎರಡನೆಯ ಸ್ಥಾನದಲ್ಲಿದ್ದಳು. ಕೊನೆಯ ಸುತ್ತು. ಕಲ್ಲಿನ ಇಳಿಜಾರು. ನಾನು ಐವತ್ತು ಹೆಜ್ಜೆ ದೂರ ನಿಂತಿದ್ದೆ. ಅವಳ ಎಡಗೈ ಹ್ಯಾಂಡಲ್ಲಿನ ತುಂಡು ಹಿಡಿದುಕೊಂಡೇ ಕೆಳಗೆ ಹೋಯಿತು. ಬಿದ್ದದ್ದು ಅದಾದ ಮೇಲೆ. ಕಣ್ಣಾರೆ ನೋಡಿದ್ದೇನೆ.

ಇವತ್ತು ಮಂಚದ ಮೇಲಿಂದ ಹೇಳುತ್ತಾಳೆ — "ನಂದ ತಪ್ಪ ಮಾಮಾ. ಬ್ರೇಕ್ ತಡಾ ಮಾಡಿ ಹಿಡದ್ನಿ. ನಾ ಬಿದ್ದಿದ್ದಕ್ಕ ನಿನ್ನ ಹ್ಯಾಂಡಲ್ ಮುರೀತು."
ಹೂಂ ಅಂದೆ. ಹೂಂ! ಶೈಲಾ ಪಕ್ಕದಲ್ಲೇ ಕಿತ್ತಳೆ ಸುಲಿಯುತ್ತಿದ್ದಳು.

ನ. 7, ಶುಕ್ರವಾರ
ತುಂಡುಗಳನ್ನು ಬಿಸಿಲಿಗೆ ಹಿಡಿದು ನೋಡಿದೆ. ಮುರಿದ ಬಾಯಿ ಅರ್ಧ ಕಪ್ಪು, ಅರ್ಧ ಥಳಥಳ. ಡಿಪೋದಲ್ಲಿ ಇಪ್ಪತ್ತು ವರ್ಷ ಇದನ್ನೇ ನೋಡಿದ್ದೇನೆ. ಕಪ್ಪಗಿರುವುದು ಎಂದೋ ಬಿಟ್ಟ ಬಿರುಕು. ಹೊಳೆಯುವುದು ಆ ದಿನದ್ದು. ಕಪ್ಪಿನ ಅಂಚಿನೊಳಗೆ ಬಿಳಿ ಪುಡಿ ಕೂತಿದೆ. ವಿಭೂತಿ.
ಬಿರುಕಿನೊಳಗೆ ಇಳಿದಿತ್ತು, ಅದಕ್ಕೇ ಒರೆಸಿದರೆ ಹೋಗಲಿಲ್ಲ. ಇಲ್ಲಿ ನೋಡಪಾ ಅಂತ ಗೆರೆ ಎಳೆದು ತೋರಿಸಿತ್ತು. ನಾನು ನಮಸ್ಕಾರ ಮಾಡಿ ಕಳಿಸಿದೆ.
ತುಂಡು ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದೆ.

ನ. 16, ರವಿವಾರ
ಮಾಡಲು ಕೆಲಸವಿಲ್ಲ. ಪಂಪು, ಎಣ್ಣೆ ಡಬ್ಬಿ ಮೂಲೆಯಲ್ಲಿವೆ. ಅವ್ವ ಚಹಾ ತಂದಿಟ್ಟು ಅಲ್ಲೇ ಕೂತಳು.
"ನಾ ಮುಟ್ಟಬಾರದಿತ್ತೋ ಏನೋ, ಸಂಗಣ್ಣ. ನನ್ನ ಕೈಯಾಗಿನ ಪೂಜಿ ಹತ್ತಲಿಲ್ಲ ಹುಡುಗಿಗಿ."
ಹಾಗೇನಿಲ್ಲ ಬೇ ಅಂದೆ. ಮುಂದಿನದು ಹೇಳಲಿಲ್ಲ. ಈಗ ಇಬ್ಬರಾದರು, ನನ್ನ ತಪ್ಪು ಹೊತ್ತವರು.

ಶೈಲಾಳ ಫೋನ್. ಕೇಂದ್ರದ ಕೋಚ್ ಒಳ್ಳೆಯವರು, ಹುಡುಗಿಯ ಹಿಂದಿನ ರೇಸ್ ನೋಡಿ ಜಾಗ ಹಿಡಿದಿಟ್ಟಿದ್ದಾರಂತೆ, ತಿಂಗಳ ಕೊನೆಯವರೆಗೆ. ಇವಳು ಒಲ್ಲೆ ಅನ್ನುತ್ತಿದ್ದಾಳಂತೆ. "ನನಗ ಸೈಕಲ್ ಹೊಡಿಯಾಕ ಬರೂದಿಲ್ಲ ಅಂತಾಳೋ ಅಣ್ಣಾ. ನೀನರ ಒಂದ ಮಾತ ಹೇಳು, ನಿನ್ನ ಮಾತ ಕೇಳ್ತಾಳ." ಬರುತ್ತೇನೆ ಅಂದೆ. ಹೋಗಲಿಲ್ಲ.

ನ. 20, ಗುರುವಾರ
ಹೊನವಾಡ ರೂಟಿನ ಬಸ್ಸಿಗೆ ಸ್ಟೇರಿಂಗಿನ ಟೈ ರಾಡ್ ಎಂಡ್ ಬದಲಿಸಿದೆ. ಚೆನ್ನಾಗೇ ಇತ್ತು ಹಳೆಯದು. ಆದರೂ ತೆಗೆದು ಗುಜರಿಗೆ ಹಾಕಿ, ಕಾರ್ಡಿನ ಮೇಲೆ ತಾರೀಖು ಬರೆದು ಸಹಿ ಮಾಡಿದೆ. ಇಷ್ಟು ಕಿಲೋಮೀಟರ್ ಓಡಿತೋ, ತೆಗೆ. ಗಟ್ಟಿ ಕಾಣುತ್ತದೆ ಅಂತ ಯಾರೂ ಬಿಡುವುದಿಲ್ಲ. ಕಂಡವರ ಮಕ್ಕಳು ಕೂರುವ ಬಸ್ಸಿಗೆ ಕಾರ್ಡ್. ನಮ್ಮ ಕೂಸಿನ ಹ್ಯಾಂಡಲ್ಲಿಗೆ ನನ್ನ ಹದಿಮೂರು ವರ್ಷದ ಹಳೇ ಜಂಬ.
ರವಿವಾರ ಹೋಗಿ ಹೇಳಿಬಿಡುವುದು.

ನ. 24
ಹೋಗಲಿಲ್ಲ. ನಿನ್ನೆ ಬಸ್ ನಿಲ್ದಾಣದವರೆಗೆ ಹೋಗಿ ಬಂದೆ. ಥೂ.

ನ. 30, ರವಿವಾರ. ಮಧ್ಯಾಹ್ನ 2
ಟಿಕೋಟಾಕ್ಕೆ ಹೋಗಿ ಬಂದೆ. ತುಂಡುಗಳು ಚೀಲದಲ್ಲಿದ್ದವು. ಶೈಲಾ ರೊಟ್ಟಿ ಬಡಿಯುತ್ತಿದ್ದಳು. ಕಾವ್ಯಾ ಹೊರಗೆ ಕಟ್ಟೆಯ ಮೇಲೆ, ಎಡಗೈ ಮಡಚಿಕೊಂಡೇ.
ಎಲ್ಲ ಹೇಳಿದೆ. ಉಮರ ಹೇಳಿದ್ದು, ಕಿರ್ರ್ ಅಂದದ್ದು, ಉಗುರಿನಿಂದ ಕೆರೆದದ್ದು. ನೀನು ಬೀಳುವ ಮೊದಲೇ ಮುರಿದಿತ್ತು, ನಾನು ನೋಡಿದ್ದೇನೆ, ಬ್ರೇಕ್ ಸರಿಯಾಗೇ ಹಿಡಿದಿದ್ದೆ ನೀನು. ಕೇಂದ್ರಕ್ಕೆ ಒಲ್ಲೆ ಅನ್ನಬೇಡ.
"ಶುಕ್ರವಾರನ ಒಲ್ಲೆ ಅಂತ ಬರದ ಕೊಟ್ಟ ಬಂದೇನಿ ಮಾಮಾ. ಪಾಳಿಯಾಗಿನ ಮುಂದಿನಾಕಿಗೆ ನನ್ನ ಜಾಗಾ ಕೊಟ್ಟಾರ."

ಎರಡು ದಿನ. ಕಳೆದ ರವಿವಾರ ಬಸ್ ಹತ್ತಿದ್ದರೆ...

ತುಂಡನ್ನು ಬಲಗೈಯಲ್ಲಿ ತಗೊಂಡಳು. ಬಿಳಿ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದಳು, ಬಹಳ ಹೊತ್ತು.
"ಇದು ನನಗೂ ಕಂಡಿತ್ತು. ರೇಸಿನ ಹಿಂದಿನ ದಿನ."
ಮತ್ತೆ ಯಾಕೆ ಹೇಳಲಿಲ್ಲ ಅಂದೆ.
"ನೀ ನೋಡಿರ್ತಿ ಅಂತ ಸುಮ್ಮ ಆದ್ನಿ."
ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು. ಒಳಗಿನಿಂದ ಶೈಲಾ ಊಟಕ್ಕೆ ಕರೆದಳು. ಕಾವ್ಯಾ ಎದ್ದು ತುಂಡನ್ನು ನನ್ನ ಕೈಗಿಟ್ಟಳು. ನಾನು ಅದನ್ನು ಹಿಡಿದುಕೊಂಡೇ ಅವಳ ಹಿಂದೆ ಒಳಗೆ ಹೋದೆ.