ಮಾರಿಟ್‌ಳ ಅಂಗಿಯ ತುಂಡು

ವಿಸ್ಕಾನ್ಸಿನ್, ನವೆಂಬರ್

ಅಕ್ಕಾ,
ಇಷ್ಟು ವರ್ಷ ಈ ಕಡೆ ಇದ್ದೂ ಜಿಂಕೆ ಬೇಟೆಗೆ ಬಂದದ್ದು ಇದೇ ಮೊದಲು. ಅಮ್ಮನಿಗೆ ನೀನೇ ಮೆಲ್ಲಗೆ ಹೇಳು. ನನ್ನ ಕೆಮ್ಮು ಇಳಿದಿದೆ ಅಂತಲೂ ಹೇಳು.

ನಾನು ವ್ಯಾಯಾಮ ಮಾಡಿಸುವ ಹುಡುಗಿ ಮಾರಿಟ್‌ಗೆ ಹದಿನಾರು. ಕೈಕಾಲು ಆಡುವುದಿಲ್ಲ. ಅವಳ ಗಾಲಿಕುರ್ಚಿಗೇ ಬಂದೂಕು ಬಿಗಿದಿದ್ದೇವೆ. ಗಲ್ಲದಿಂದ ಗುರಿ ತಿರುಗಿಸುತ್ತಾಳೆ. ಬಾಯಲ್ಲಿರುವ ಪ್ಲಾಸ್ಟಿಕ್ ಕೊಳವೆಯನ್ನು ಎಳನೀರು ಕುಡಿದ ಹಾಗೆ ಹೀರಿದರೆ ಗುಂಡು ಹಾರುತ್ತದೆ! ಬೆಳಿಗ್ಗೆ ದೊಡ್ಡ ಕೊಂಬಿನ ಜಿಂಕೆ ಬಂತು. ಹೀರಿದಳು. ಗುರಿ ತಪ್ಪಿತು.

ಇಲ್ಲಿ ಗುರಿ ತಪ್ಪಿದವರನ್ನು ಗೇಲಿ ಮಾಡಲು ಅವರ ಅಂಗಿಯ ಹಿಂಬದಿಯ ಅಂಚು ಕತ್ತರಿಸಿ, ಹೆಸರು ಬರೆದು, ಬೇಟೆಮನೆಯ ಗೋಡೆಗೆ ಮೊಳೆ ಹೊಡೆಯುತ್ತಾರೆ. ಅವಳ ಅಜ್ಜನದೂ ಅಪ್ಪನದೂ ಅಲ್ಲೇ ತೂಗುತ್ತಿವೆ. ಇವಳಿಗೆ ಮಾತ್ರ ಎಲ್ಲರೂ "ಪರವಾಗಿಲ್ಲ ಪುಟ್ಟಿ" ಎಂದು ಬಿಸಿ ಸೂಪ್ ಕೊಟ್ಟರು. ನಾನೂ ಹಾಗೇ ಅಂದೆ. ಅದು ಪ್ರೀತಿಯೋ ಬರೀ ಕನಿಕರವೋ, ನನಗೇ ತಿಳಿಯಲಿಲ್ಲ.

ಮಾರಿಟ್ ಸಿಡುಕಿದಳು. "ಅಜ್ಜಾ, ಕತ್ತರಿ ಎಲ್ಲಿ? ತಪ್ಪಿಸಿದ್ದು ನಾನು ತಾನೇ?"

"ಹೊಸ ಅಂಗಿ ಕಣೇ, ನಿಮ್ಮಮ್ಮ ಬೈತಾಳೆ."

"ನಿಂದೇನು ಹರಕು ಅಂಗಿಯಾಗಿತ್ತಾ? ಕತ್ತರ್ಸು! ಅಪ್ಪಂದಕ್ಕಿಂತ ದೊಡ್ಡದಿರ್ಲಿ."

ಅಂಗಿ ಅವಳ ಕೆಳಗೇ ಸಿಕ್ಕಿಕೊಂಡಿತ್ತು. ನಾನು ಅವಳನ್ನು ಮುಂದಕ್ಕೆ ಬಾಗಿಸಿ ಹಿಡಿದೆ, ಅಜ್ಜ ಕತ್ತರಿಸಿದ. "ಮುದುಕಾ, ಬೆನ್ನಿಗೆ ಚಳಿ!" ಎಂದು ಕೂಗುತ್ತಾ ನಕ್ಕಳು.

ಈಗ ಬಂದವರಿಗೆಲ್ಲ ಆ ತುಂಡು ತೋರಿಸಿ, ತಪ್ಪಿಹೋದ ಜಿಂಕೆಯ ಕಥೆ ಹೇಳುತ್ತಿದ್ದಾಳೆ. ಮಧ್ಯಾಹ್ನದೊಳಗೇ ಅದು ಎಮ್ಮೆಯಷ್ಟು ಬೆಳೆದಿದೆ, ಅವಳಪ್ಪ ಹೇಳುವ ಜಿಂಕೆಗಳ ಹಾಗೇ.

ಕಾರ್ಡಿನಲ್ಲಿ ಜಾಗವಿಲ್ಲ.
ನಿನ್ನ ವಸುಧಾ