ಎಂಟನೆಯ ಹೊಲಿಗೆ

ಮನೆ, ಅಡುಗೆಮನೆಯ ಮೇಜು
ಬುಧವಾರ, ಹತ್ತನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಇವತ್ತು ಬೆಳಿಗ್ಗೆ ಅಜ್ಜಿ ಈರುಳ್ಳಿ ತೆಗೆಯಲು ಬಾಗಿಲ ಹಿಂದಿನ ಚೀಲಕ್ಕೆ ಕೈ ಹಾಕಿದಳು. ನಾನು ಎದುರಿಗೇ ಕೂತಿದ್ದೆ. ಅದು ನನ್ನ ಒಂದನೇ ತರಗತಿಯ ಚೀಲ, ನೀನು ನಿನ್ನ ಹಳೇ ನೀಲಿ ಕೋಟು ಕತ್ತರಿಸಿ ಹೊಲಿದು ಕೊಟ್ಟದ್ದು. ಈಗ ಅದರ ತಳ ಜರಡಿಯಾಗಿದೆ, ಬಣ್ಣ ಯಾವುದೆಂದು ಹೇಳಲಾಗದು. ಆದರೆ ಪಟ್ಟಿ ಚೀಲಕ್ಕೆ ಸೇರುವ ಜಾಗ ಇನ್ನೂ ಒಂದು ಎಳೆ ಅಲ್ಲಾಡಿಲ್ಲ. ಎದ್ದು ಹೋಗಿ ಹೊಲಿಗೆ ಎಣಿಸಿದೆ. ಎಂಟು. ಗೊತ್ತಿದ್ದದ್ದೇ, ಆದರೂ ಎಣಿಸಿದೆ. "ಈರುಳ್ಳಿ ಎಣಿಸೋದು ಬಿಟ್ಟು ದಾರ ಎಣಿಸ್ತಾಳಲ್ಲ ಇವಳು" ಎಂದು ಅಜ್ಜಿ ಗೊಣಗಿದಳು.

ನೀನು ಹೇಗಿದ್ದೀಯ? ಹೆಬ್ಬೆರಳಿನ ಸಂದು ಇನ್ನೂ ಹಿಡಿದುಕೊಳ್ಳುತ್ತದೆಯೆ? ಬಿಸಿನೀರಲ್ಲಿ ಕೈ ಅದ್ದಿಡುತ್ತಿದ್ದೀಯೋ, ನಾಳೆ ನೋಡಿದರಾಯಿತು ಅನ್ನುತ್ತಿದ್ದೀಯೋ? ಕಾರ್ಖಾನೆ ಹಾಸ್ಟೆಲಿನ ನಿನ್ನ ಕೋಣೆಯ ಇನ್ನಿಬ್ಬರು ಕಿಟಕಿ ಪಕ್ಕದ ಮಂಚವನ್ನು ಕೊನೆಗೂ ನಿನಗೆ ಬಿಟ್ಟುಕೊಟ್ಟರೆ? ಮುಂದಿನ ತಿಂಗಳಿಂದ ಹೊಸಬರಿಗೆ ಹೊಲಿಗೆ ಕಲಿಸುವ ಕೆಲಸ ಕೊಡುತ್ತಾರಂತೆ ಎಂದು ನೀನು ಬರೆದ ಪತ್ರವನ್ನು ಅಜ್ಜಿ ನನ್ನಿಂದ ಮೂರು ಸಲ ಓದಿಸಿದಳು. "ಹದಿನೆಂಟು ವರ್ಷ ಬೆನ್ನು ಬಗ್ಗಿಸಿದ್ದಕ್ಕೆ ಈಗಲಾದ್ರೂ ನಿಂತ್ಕೊಂಡು ಮಾಡೋ ಕೆಲ್ಸ ಸಿಕ್ತಲ್ಲ" ಎಂದು ಕಣ್ಣೊರೆಸಿಕೊಂಡಳು. ಈರುಳ್ಳಿ ಹೆಚ್ಚುತ್ತಿದ್ದಳು ನಿಜ, ಆದರೆ ಅದು ಈರುಳ್ಳಿಯ ನೀರಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ವಾಕ್ಯ ಶುರು ಮಾಡುವಷ್ಟರಲ್ಲಿ ನೀನು ಮೂರು ಮುಗಿಸಿರುತ್ತೀಯ. ಕಾಗದದ ಮೇಲಾದರೆ ನನ್ನ ಮಾತಿಗೆ ಯಾರೂ ಅಡ್ಡ ಬರುವುದಿಲ್ಲ.

ನಮ್ಮ ಅಂಗಡಿಯನ್ನು ನೀನು ನೋಡಿಲ್ಲ. ನೀವು ಅಲ್ಲಿ ಹೊಲಿದು ಕಳಿಸುವ ಬ್ಯಾಗುಗಳು ಇಲ್ಲಿ ಗಾಜಿನ ಕಪಾಟಿನಲ್ಲಿ ಒಂದರಿಂದ ಒಂದು ಮೊಳ ದೂರದಲ್ಲಿ ನಿಂತಿರುತ್ತವೆ, ಪರಸ್ಪರ ಮಾತು ಬಿಟ್ಟವರ ಹಾಗೆ. ಬೆಳಿಗ್ಗೆ ದೀಪ ಹಾಕಿದ ಕೂಡಲೇ ನಾನು ಒಂದು ಸುತ್ತು ಬಂದು ಬಿಡುತ್ತೇನೆ. ಹೊರಗೆ ಮಸಿಗಪ್ಪು, ಬಾಯಿ ತೆರೆದರೆ ಒಳಗೆ ಬೆಂಕಿಕೆಂಪು ರೇಷ್ಮೆ. ಬಣ್ಣದ ಮೇಲೆ ಬಣ್ಣ ಬಳಿದು ಉಜ್ಜಿ ನುಣುಪು ಮಾಡಿದ ಅಂಚು, ಬೆರಳಾಡಿಸಿದರೆ ನದಿಯ ಕಲ್ಲಿನ ಹಾಗೆ. ಕೊಕ್ಕೆ ಮುಚ್ಚುವಾಗಿನ ಆ ಚಿಕ್ಕ ಸದ್ದು. ಬೆಲ್ಟುಗಳು, ಕೈಗವಸುಗಳು, ಹಿಡಿಕೆಗೆ ಗಂಟು ಹಾಕಿದ ರೇಷ್ಮೆ ಕರವಸ್ತ್ರಗಳು. ಇವನ್ನು ನಾನು ಎಂದೂ ಕೊಳ್ಳಲಾರೆ. ಕೊಳ್ಳಬೇಕು ಎಂದು ಅನಿಸಿಯೂ ಇಲ್ಲ, ನೋಡುತ್ತಿದ್ದರೆ ಸಾಕು. ಇಷ್ಟು ಚೆಂದದ ವಸ್ತುವನ್ನು ಮನುಷ್ಯರ ಕೈ ಮಾಡಿತಲ್ಲ, ಅದರಲ್ಲೂ ಒಂದು ಕೈ ನನಗೆ ಜಡೆ ಹಾಕಿದ ಕೈ ಎಂದು ನೆನೆಸಿಕೊಂಡರೆ ಎದೆಯುಬ್ಬುತ್ತದೆ. ಯಾರಿಗೂ ಹೇಳುವಂತಿಲ್ಲ. ಕಾರ್ಖಾನೆಯಲ್ಲಿ ದುಡಿಯುವವರ ಮನೆಯವರನ್ನು ಅಂಗಡಿಗೆ ಸೇರಿಸಿಕೊಳ್ಳುವುದಿಲ್ಲ ಎಂಬುದು ನಿಯಮ. ಅರ್ಜಿಯಲ್ಲಿ ತಾಯಿಯ ಉದ್ಯೋಗ 'ಹೊಲಿಗೆ' ಎಂದಷ್ಟೇ ಬರೆಸಿ, "ಸುಳ್ಳೇನಲ್ಲವಲ್ಲ" ಎಂದು ನಕ್ಕವಳು ನೀನೇ.

ನಾನಿರುವುದು ಹಿಂದಿನ ರಿಪೇರಿ ಕೋಣೆಯಲ್ಲಿ. ರಿಪೇರಿಗೆ ಬಂದ ಪ್ರತಿ ಬ್ಯಾಗಿಗೂ ಅದರ ಸ್ಥಿತಿಗತಿ ಬರೆದು ಚೀಟಿ ಕಟ್ಟುವುದು ನನ್ನ ಕೆಲಸ. ರಿಪೇರಿಗೆ ಮುಂಚೆ ಅದು ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುವವರು ಬೇರೆ. ಅವರ ಕೊರಳಲ್ಲಿ ಸದಾ ಒಂದು ಮಸೂರ ನೇತಾಡುತ್ತಿರುವುದರಿಂದ ಅಂಗಡಿಯವರೆಲ್ಲ ಅವರಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದಾರೆ. ಕೆಟ್ಟವರಲ್ಲ. ನನ್ನ ಚೀಟಿಗಳನ್ನು ಓದಿ, "ಏನಮ್ಮ, ಬ್ಯಾಗಿಗೆ ಚೀಟಿ ಬರೀತಿದೀಯೋ, ಪ್ರೇಮಪತ್ರ ಬರೀತಿದೀಯೋ? 'ಸಂಜೆಯಂತೆ ಮಾಸಿದ ಬಣ್ಣ' ಅಂದ್ರೆ ರಿಪೇರಿಯವನು ಯಾವ ಡಬ್ಬ ತೆಗೀಬೇಕು?" ಎಂದು ರೇಗಿಸುತ್ತಾರೆ. ಮೂವತ್ತು ವರ್ಷದಿಂದ ಅವರು ಹೇಳಿದ್ದು ತಪ್ಪಿಲ್ಲ ಎನ್ನುತ್ತಾರೆ.

ಹೋದ ವಾರ ಒಬ್ಬ ಹೆಂಗಸು ಬಂದರು. ಎರಡು ಬೀದಿ ಆಚೆ ಪಾರ್ಲರ್ ನಡೆಸುತ್ತಾರೆ, ಐವತ್ತರ ಹತ್ತಿರ ವಯಸ್ಸು. ಮನಸ್ಸಿನಲ್ಲಿ ನಾನು ಅವರನ್ನು ಪಾರ್ಲರ್ ಅಕ್ಕ ಎನ್ನುತ್ತೇನೆ. ಒಗೆದ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡು ಒಂದು ಬ್ಯಾಗ್ ತಂದಿದ್ದರು. ಕಪ್ಪುದ್ರಾಕ್ಷಿ ಬಣ್ಣ, ಎರಡು ಗಿಡ್ಡ ಹಿಡಿಕೆ, ಎಲೆಯಾಕಾರದ ಕೊಕ್ಕೆ. ಕೊಕ್ಕೆ ಸಡಿಲವಾಗಿತ್ತು, ಅಷ್ಟೇ. ಇಪ್ಪತ್ತು ವರ್ಷ ಅವರಲ್ಲಿ ಕೂದಲು ಕತ್ತರಿಸಿಕೊಂಡ ಒಬ್ಬ ವೃದ್ಧೆ, ಇವರು ದೊಡ್ಡಮ್ಮ ಎಂದೇ ಕರೆಯುತ್ತಿದ್ದವರು, ಸಾಯುವ ಮುಂಚೆ ಕೈಯಾರೆ ಕೊಟ್ಟದ್ದಂತೆ. ಬ್ಯಾಗುಗಳ ಬಗ್ಗೆ ಪಾರ್ಲರ್ ಅಕ್ಕನಿಗೆ ಗೊತ್ತಿಲ್ಲದ್ದಿಲ್ಲ ಅಮ್ಮಾ. ಕೊಕ್ಕೆ ನೋಡಿ ವರ್ಷ ಹೇಳುತ್ತಾರೆ. ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ಕತ್ತರಿಸಿ ಪಾರ್ಲರಿನ ಬೀರುವಿನ ಬಾಗಿಲ ಒಳಗೆ ಅಂಟಿಸಿಕೊಂಡಿದ್ದಾರಂತೆ. "ದಿನಾ ಹಿಡ್ಕೊಳಲ್ಲ ತಂಗಿ, ಭಾನುವಾರ ಮಾತ್ರ. ಕನ್ನಡಿ ಮುಂದೆ ಒಂದ್ಸಲ ಆ ಕಡೆ ತಿರುಗೋದು, ಒಂದ್ಸಲ ಈ ಕಡೆ. 'ಮದುವೇಲಿ ನನ್ನ ಪಕ್ಕಾನೂ ಇಷ್ಟು ನೆಟ್ಟಗೆ ನಿಂತಿರ್ಲಿಲ್ಲ ನೀನು' ಅಂತಾರೆ ನಮ್ಮನೆಯವರು" ಎಂದು ನಕ್ಕರು. ನಾನೂ ನಕ್ಕೆ. ಅಂಗಡಿಯಲ್ಲಿ ನಾನು ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲಿರಬೇಕು.

ಸೋಮವಾರ ಫಲಿತಾಂಶ ಕೇಳಲು ಅವರು ಬಂದರು. ಭೂತಗನ್ನಡಿಯವರು ಅವರೆದುರಿಗೇ ಹಿಡಿಕೆಯ ಬುಡದ ಚರ್ಮದ ಮಡಿಕೆಯನ್ನು ಸಣ್ಣ ಉಳಿಯಿಂದ ಎತ್ತಿದರು. ಕಾರ್ಖಾನೆಯಲ್ಲಿ ಆ ಮಡಿಕೆಯನ್ನು ಯಾರೂ ಎತ್ತಿ ನೋಡುವುದಿಲ್ಲ, ಒತ್ತಿ ನೋಡುತ್ತಾರೆ ಎಂದು ನೀನೇ ಹೇಳಿದ್ದೆ. ಇಲ್ಲಿ ಎತ್ತುತ್ತಾರೆ. ಸೂಜಿಯ ತುದಿಯಿಂದ ಹೊಲಿಗೆ ಎಣಿಸಿದರು. "ಏಳಿರಬೇಕು. ಎಂಟಿದೆ. ನಕಲಿ" ಎಂದರು. ಪಾರ್ಲರ್ ಅಕ್ಕನಿಗೆ ಅರ್ಥವಾಗಲಿಲ್ಲ. "ಒಂದು ಹೆಚ್ಚಿದ್ರೆ ಒಳ್ಳೇದೇ ಅಲ್ವಾ ಸಾರ್?" ಎಂದರು. "ಒಳ್ಳೇದು ಬೇರೆ, ನಮ್ಮದು ಬೇರೆ ಅಮ್ಮ" ಎಂದರು ಅವರು, ಸಮಾಧಾನವಾಗಿಯೇ.

ನಾನು ಚೀಟಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಎಂಟನೆಯ ಹೊಲಿಗೆ ಉಳಿದ ಏಳರ ಸಾಲಿನಲ್ಲಿರಲಿಲ್ಲ. ಕೂದಲೆಳೆಯಷ್ಟು ಎಡಕ್ಕೆ ವಾಲಿ, ಹಿಂದಕ್ಕೆ ಬಂದು ಏಳನೆಯದನ್ನು ತಬ್ಬಿಕೊಂಡಿತ್ತು, ನನ್ನ ಚೀಲದಲ್ಲಿರುವ ಹಾಗೆಯೇ. ಒಳಜೇಬಿನ ಅಂಚಿನಲ್ಲಿ ಮೇಜಿನ ಸಂಖ್ಯೆ ಒತ್ತಿತ್ತು: ಇಪ್ಪತ್ತಮೂರು. ನಿನ್ನ ಮೇಜು. ಅದನ್ನು ಅವರೂ ನೋಡಿದರು, "ಸಂಖ್ಯೆನೂ ಕದ್ದಿದಾರೆ ನೋಡು" ಎಂದರು. ನನ್ನ ಚೀಲದ ಪಟ್ಟಿ ಹೊಲಿಯುತ್ತಾ ನೀನು ಹೇಳಿದ ಮಾತು ಆಗ ಕಿವಿಯಲ್ಲಿ ಕೇಳಿಸಿತು. "ಏಳು ಅವರ ಲೆಕ್ಕಕ್ಕೆ, ಗುಬ್ಬೀ. ಇನ್ನೊಂದು, ಹೊತ್ಕೊಂಡು ಹೋಗೋರಿಗೆ."

ಪಾರ್ಲರ್ ಅಕ್ಕ ಬ್ಯಾಗಿನ ಬಗ್ಗೆ ಮತ್ತೇನೂ ಕೇಳಲಿಲ್ಲ. "ಹಾಗಾದ್ರೆ ದೊಡ್ಡಮ್ಮ ನಂಗೆ ಸುಳ್ಳು ಹೇಳಿದ್ರಾ?" ಎಂದು ಮೆಲ್ಲಗೆ ಕೇಳಿದರು. ಯಾರನ್ನು ಕೇಳಿದರೋ ಗೊತ್ತಿಲ್ಲ, ನೋಡಿದ್ದು ಮಾತ್ರ ನನ್ನನ್ನು. ಬಾಯಿ ತೆರೆದೆ ಅಮ್ಮಾ. ಹೊರಬಂದ ಮಾತು, "ಇಲ್ಲಿ ಸಹಿ ಮಾಡಿ." ನಕಲಿ ಎಂದು ತೀರ್ಮಾನವಾದ ವಸ್ತುವನ್ನು ಮಾಲೀಕರಿಗೆ ಹಿಂತಿರುಗಿಸುವುದಿಲ್ಲ, ಕತ್ತರಿಸಿ ಹಾಕುತ್ತೇವೆ ಎಂಬ ಷರತ್ತನ್ನು ರಿಪೇರಿಗೆ ಕೊಡುವಾಗಲೇ ಒಪ್ಪಿಸಿಕೊಂಡಿರುತ್ತಾರೆ. ಈಗ ಕೊನೆಯ ಸಹಿ. ಅವರು ಒಳಜೇಬಿನಿಂದ ಒಂದು ಹೇರ್‌ಪಿನ್ ತೆಗೆದುಕೊಂಡು, ಸಡಿಲ ಕೊಕ್ಕೆಯನ್ನು ಎರಡು ಸಲ ಒತ್ತಿ ಮುಚ್ಚಿ, ಸಹಿ ಹಾಕಿ ಹೋದರು. ಅಂಗಡಿಯಲ್ಲಿ ಕತ್ತರಿ ಆಡುವುದು ಶುಕ್ರವಾರ ಹನ್ನೊಂದು ಗಂಟೆಗೆ. ತಗಡು ಕತ್ತರಿಸುವಂಥ ದೊಡ್ಡ ಕತ್ತರಿ. ಮೊದಲು ಹಿಡಿಕೆ.

ಯಾಕೆ ಸುಮ್ಮನಿದ್ದೆ ಎಂದು ನೀನು ಕೇಳುವುದಿಲ್ಲ, ನನಗೆ ಗೊತ್ತು. ನಾನೇ ಕೇಳಿಕೊಳ್ಳುತ್ತಿದ್ದೇನೆ. ಇದು ಅಸಲಿ, ಹೊಲಿದವರು ಇಂಥವರು ಎಂದು ಹೇಳಿದರೆ ಇವರು ಕಾರ್ಖಾನೆಗೆ ಬರೆಯುತ್ತಾರೆ. ಮಾದರಿ ಮೀರಿದ ಕೈ ಎಂದು ಇಪ್ಪತ್ತಮೂರನೇ ಮೇಜಿನ ಮೇಲೆ ಬರೆ ಬೀಳುತ್ತದೆ. ಹೊಸಬರಿಗೆ ಕಲಿಸುವ ಕೆಲಸ ಆ ಕೈಗೆ ಯಾರು ಕೊಡುತ್ತಾರೆ? ನಿನ್ನನ್ನು ಹಿಡಿಕೆಯ ಕೆಲಸದಿಂದ ತೆಗೆದು, ಬ್ಯಾಗಿಗೆ ಹೊದಿಸುವ ಮುಸುಕಿನ ಬಟ್ಟೆ ಹೊಲಿಯಲು ಹಾಕುತ್ತಾರೆ, ಹಿಂದೆ ನಿನ್ನ ಪಕ್ಕದ ಮೇಜಿನವಳನ್ನು ಹಾಕಿದ ಹಾಗೆ. ನನ್ನ ಕೆಲಸ ಹೋಗುವುದಂತೂ ಖಂಡಿತ, ಅದು ದೊಡ್ಡದಲ್ಲ. ಹೇಳದಿದ್ದರೆ ಒಂದು ಬ್ಯಾಗ್ ಹೋಗುತ್ತದೆ, ಜೊತೆಗೆ ಸತ್ತ ಒಬ್ಬ ಹೆಂಗಸು ಸುಳ್ಳುಗಾತಿಯಾಗುತ್ತಾಳೆ. ಎರಡು ದಿನದಿಂದ ಇದನ್ನೇ ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದೇನೆ. ಎಲ್ಲಿ ಹಿಡಿದರೂ ಕೈ ಸುಡುತ್ತದೆ.

ನಿನ್ನೆ ಏನಾಯಿತು ಹೇಳಲೇ? ನಗಬೇಡ. ಕೆಲಸ ಮುಗಿಸಿ ನೇರ ಪಾರ್ಲರಿಗೆ ಹೋದೆ, ಅಕ್ಕನಿಗಾದರೂ ಗುಟ್ಟಾಗಿ ಹೇಳಿಬಿಡೋಣ ಎಂದು. ಬಾಗಿಲು ತೆಗೆದೆ. ಅವರು "ಬನ್ನಿ ತಂಗಿ, ಕೂತ್ಕೊಳಿ" ಎಂದರು. ಕೂತೆ. ಕೊರಳಿಗೆ ಬಟ್ಟೆ ಸುತ್ತಿದರು. ಬೇಡ ಎನ್ನಲು ಆಗಲಿಲ್ಲ. ಕನ್ನಡಿಯ ಪಕ್ಕದ ಮೊಳೆ ಖಾಲಿಯಿತ್ತು. ಅದರ ಕೆಳಗೆ ಗೋಡೆಯ ಮೇಲೆ ಬ್ಯಾಗಿನ ಆಕಾರದಷ್ಟು ಜಾಗ ಮಾತ್ರ ಮಾಸದೆ ಬೆಳ್ಳಗೆ ಉಳಿದಿತ್ತು. "ನಿಮ್ಮ ತಪ್ಪೇನಿದೆ ಬಿಡಿ. ಬ್ಯಾಗ್ ಹೋದ್ರೆ ಹೋಗ್ಲಿ. ದೊಡ್ಡಮ್ಮ ಗೊತ್ತಿದ್ದೇ ಕೊಟ್ರಾ, ಗೊತ್ತಿಲ್ದೆ ಕೊಟ್ರಾ, ಅದೊಂದು ತಿಳಿದಿದ್ರೆ ಸಾಕಿತ್ತು. ಅವ್ರ ತಲೆ ಇಪ್ಪತ್ತು ವರ್ಷ ನನ್ನ ಕೈಲಿತ್ತು, ಒಳಗೇನಿತ್ತೋ ಗೊತ್ತಾಗ್ಲಿಲ್ಲ ನೋಡಿ" ಎಂದರು. ಕತ್ತರಿ ಕಿವಿಯ ಬಳಿ ಓಡಾಡುತ್ತಿತ್ತು. ಕೊನೆಗೆ ಒಂದು ಮಾತೂ ಹೇಳದೆ, ಹೆಗಲಿನವರೆಗಿದ್ದ ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡು ಮನೆಗೆ ಬಂದೆ. ಅಜ್ಜಿ ಬಾಗಿಲಲ್ಲೇ ನಿಂತು, "ಯಾರಪ್ಪಾ ನೀನು, ನಮ್ಮ ಹುಡುಗೀನ ನೋಡಿದ್ಯಾ?" ಎಂದಳು. ಆಮೇಲೆ ನನ್ನ ಮುಖ ನೋಡಿ, ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

ಇಷ್ಟು ಓದಿದ್ದೇನೆ ಅಮ್ಮಾ, ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ. 'ಇದು ನಮ್ಮಮ್ಮ ಹೊಲಿದದ್ದು' ಎಂಬ ಮೂರು ಪದ ಬಾಯಿಂದ ಹೊರಡುವುದಿಲ್ಲ. ನೀನು ಆ ಎಂಟನೆಯದನ್ನು ಹಾಕಬಾರದಿತ್ತು ಎಂದು ಒಂದು ಕ್ಷಣ ಸಿಟ್ಟೂ ಬಂತು. ಮರುಕ್ಷಣವೇ ಈರುಳ್ಳಿಯ ಚೀಲ ಕಣ್ಣಿಗೆ ಬಿತ್ತು.

ಅಜ್ಜಿ ಚೆನ್ನಾಗಿದ್ದಾಳೆ, ಮಂಡಿ ನೋವಿಗೆ ಹೊಸ ಎಣ್ಣೆ ಹಿಡಿಸಿದೆ. ನಿನಗೆ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ಹೊತ್ತಿಗೆ ಸರಿಯಾಗಿ ತಿನ್ನು ಎಂಬ ಬೈಗುಳವನ್ನೂ. ಕೋಣೆಯ ಇಬ್ಬರಿಗೂ ನನ್ನ ನಮಸ್ಕಾರ ತಿಳಿಸು. ಕೈ ಜೋಪಾನ.

ನಿನ್ನ
ಗುಬ್ಬಿ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ, ಅಂಚು ಹರಿದಿರುವುದು ಅದಕ್ಕೇ. ಈರುಳ್ಳಿಯನ್ನು ಬುಟ್ಟಿಗೆ ಸುರಿದು ಚೀಲವನ್ನು ಒಗೆದು ಹಾಕಿದ್ದೇನೆ. ಒಳ್ಳೆ ಬಿಸಿಲಿದೆ, ಸಂಜೆಗೆ ಒಣಗುತ್ತದೆ. ಇದು ನಿನ್ನ ಕೈ ಸೇರುವುದು ಶನಿವಾರ, ಕತ್ತರಿ ಶುಕ್ರವಾರ. ಬೇಕೆಂದೇ ಫೋನ್ ಮಾಡುತ್ತಿಲ್ಲ. ಹೇಳು ಎನ್ನುವ ಭಾರವನ್ನೂ ಸುಮ್ಮನಿರು ಎನ್ನುವ ಭಾರವನ್ನೂ ನಿನ್ನ ಮೇಲೆ ಹೊರಿಸಲಾರೆ. ನಿನ್ನ ಹೊಸ ಕೆಲಸ ನನ್ನಿಂದ ಹೋದರೆ ಬೈಯಿ, ಎಷ್ಟಾದರೂ ಬೈಯಿ, ಆದರೆ ಮನೆಗೆ ಬಂದು ಬೈಯಿ. ಶುಕ್ರವಾರ ಹತ್ತು ಗಂಟೆಗೆ ನನ್ನ ಚೀಲವನ್ನು ಭೂತಗನ್ನಡಿಯವರ ಮೇಜಿನ ಮೇಲೆ, ಆ ಬ್ಯಾಗಿನ ಪಕ್ಕದಲ್ಲಿ ಇಡುತ್ತೇನೆ. ಆಗಲೂ ನನಗೆ ಮಾತು ಬರದಿದ್ದರೆ ಪರವಾಗಿಲ್ಲ, ಅವರಿಗೆ ಎಣಿಸಲು ಬರುತ್ತದೆ.